ಹಲ್ಲು ಬಾಯಲ್ಲಿ, ಕಟ್ಟಿದವರು ಮರೆಯಲ್ಲಿ

ವೈಯಾಲಿಕಾವಲಿನ ಹಿರಿಯರೊಬ್ಬರನ್ನು ನಿಲ್ಲಿಸಿ ಕೇಳಿ ನೋಡಿ: ಸ್ವಾಮಿ, ನಿಮ್ಮ ಹಲ್ಲಿನ ಸೆಟ್ಟು ಯಾರು ಕಟ್ಟಿದ್ದು? ತಟ್ಟನೆ ಡಾಕ್ಟರ ಹೆಸರು ಹೇಳ್ತಾರೆ. ಅಲ್ಲ! ಡಾಕ್ಟರು ಅಳತೆ ತೆಗೆದರು, ಕೂರಿಸಿದರು. ಕಟ್ಟಿದವರು ಬೇರೆ. ಅವರು ಎಲ್ಲೋ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಪುಡಿ ಮೈಮೇಲೆ ಹಾಕಿಕೊಂಡು ಕೂತಿರ್ತಾರೆ. ಅವರ ಮುಖ ನೀವು ಕಂಡಿರೋದಿಲ್ಲ, ನಿಮ್ಮ ದವಡೆಯ ಅಚ್ಚು ಮಾತ್ರ ಅವರಿಗೆ ಬೆರಳ ತುದಿಯಲ್ಲಿ ಗೊತ್ತು.

ಈ ಮಂದಿಗೆ ಡೆಂಟಲ್ ಟೆಕ್ನಿಷಿಯನ್ ಅಂತ ಹೆಸರು. 1948ರ ಡೆಂಟಿಸ್ಟ್ಸ್ ಆಕ್ಟ್ ಕರೆದದ್ದು ‘ಡೆಂಟಲ್ ಮೆಕ್ಯಾನಿಕ್’ ಅಂತ, ಏನೋ ಸ್ಕೂಟರ್ ರಿಪೇರಿಯವರ ಹಾಗೆ! ಅದರ ಜಾಗಕ್ಕೆಂದು 2023ರಲ್ಲಿ ಹೊಸ ಕಾಯಿದೆಯೂ ಆಯಿತು. ಕಾಯಿದೆ ಬದಲಾದರೂ ಪರದೆ ಹಾಗೇ ಇದೆ. ಇವರಲ್ಲೊಬ್ಬರು ತೀರಿಕೊಂಡರೆ ಅವರ ಕೆಲಸ ಊರಿನ ಬಾಯಲ್ಲಿ ಇನ್ನೂ ಅಗಿಯುತ್ತಲೇ ಇರುತ್ತೆ, ಹೆಸರು ಮಾತ್ರ ಯಾರ ಬಾಯಲ್ಲೂ ಇರೋಲ್ಲ.

ಅದರಲ್ಲೂ ನೆನೆಯಬೇಕಾದವರು ಪಟಾಲಮ್ಮಿನಿಂದ ಬಂದವರು. ಇಲ್ಲಿ ಹೇಳುತ್ತಿರುವುದು ಒಬ್ಬರ ಕಥೆಯಲ್ಲ, ಆ ಬಗೆಯ ಮಂದಿಯ ಕಥೆ. ವೈಯಾಳಿ ಅಂದರೆ ಕುದುರೆ ಸವಾರಿ ಎಂಬ ಅರ್ಥ ಹಳೆಗನ್ನಡದಿಂದಲೇ ಇದೆ. ಹೆಸರಲ್ಲೇ ಕುದುರೆ ಕಟ್ಟಿಕೊಂಡ ಬಡಾವಣೆಗೆ ಸಿಪಾಯಿಗಳ ನೆನಪು ಹೊಸದೇನಲ್ಲ. ಅರಮನೆ ಮೈದಾನದ ಆಚೆ, ಜಯಚಾಮರಾಜೇಂದ್ರ ನಗರದ ಕಡೆ, 1918ರಲ್ಲಿ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಿಂತಿದೆ. ಕತ್ತಿ ಹಿಡಿದವರಿಗೆ ಕಲ್ಲು ಉಂಟು. ಮೇಣ ಹಿಡಿದವರಿಗೆ?

ಸೈನ್ಯಕ್ಕೂ ಹಲ್ಲಿಗೂ ಏನು ನಂಟು ಅನ್ನಬೇಡಿ. 1815ರ ವಾಟರ್ಲೂ ಕದನ ಮುಗಿದಾಗ ಸತ್ತ ಸಿಪಾಯಿಗಳ ಹಲ್ಲು ಕಿತ್ತು ಮಾರಿದರು. ಸಾಹುಕಾರರು ಅದನ್ನೇ ಕಟ್ಟಿಸಿಕೊಂಡು ಔತಣ ಉಂಡರು, ‘ವಾಟರ್ಲೂ ಹಲ್ಲು’ ಅಂತಲೇ ಅದಕ್ಕೆ ಹೆಸರಾಯಿತು. ಆಮೇಲಿನ ಮಹಾಯುದ್ಧಗಳಲ್ಲಿ ಲೆಕ್ಕ ತಿರುಗಿತು. ಗುಂಡೇಟಿಗೆ ದವಡೆ ಮುರಿದ ಸಿಪಾಯಿಗಳಿಗೆ ಹಲ್ಲಿನ ಮೇಲೆ ಕೂರುವ ಲೋಹದ ಕವಚ ಎರಕ ಹೊಯ್ದು, ಮುರಿದದ್ದು ಕೂಡುವವರೆಗೆ ಹಿಡಿದಿಟ್ಟವರು ಇದೇ ಟೆಕ್ನಿಷಿಯನ್ನರು. ಭಾರತದ ಆರ್ಮಿ ಡೆಂಟಲ್ ಕೋರ್ ಹುಟ್ಟಿದ್ದೂ ಯುದ್ಧದ ನಡುವೆ, 1941ರ ಫೆಬ್ರುವರಿ 1ರಂದು. ಅದೇ ಕಾಲದಲ್ಲಿ ಅಮೆರಿಕಕ್ಕೆ ಜರ್ಮನಿಯ ಗಾಜಿನ ಕಣ್ಣು ಬರುವುದು ನಿಂತುಹೋಗಿತ್ತು. ಆಗ ಅಲ್ಲಿನ ಸೈನ್ಯದ ದಂತ ವಿಭಾಗದವರು ಹಲ್ಲಿನ ಸೆಟ್ಟಿನ ಅಕ್ರಿಲಿಕ್ಕಿನಿಂದಲೇ ಕಣ್ಣು ಮಾಡಿ ಕೊಟ್ಟರು. ಹಲ್ಲು ಕಟ್ಟುವ ಕೈ ಕಣ್ಣೂ ಕಟ್ಟಿತು ಅನ್ನಿ!

ಸಿಪಾಯಿಗೆ ಪಿಂಚಣಿ ಬೇಗ. ಊರಿಗೆ ಬಂದು ಬಂದೂಕಿನವನು ಬ್ಯಾಂಕಿನ ಬಾಗಿಲು ಕಾಯಬಹುದು. ಟೆಕ್ನಿಷಿಯನ್ನಿಗೆ ಹಾಗಲ್ಲ, ಕಸುಬು ಕೈಯಲ್ಲೇ ಬಂದಿರುತ್ತೆ. ಒಂದು ಕೋಣೆ, ಒಂದು ಸ್ಟವ್ವು, ಪಾಲಿಶ್ ಮಾಡೋ ಒಂದು ಮೋಟಾರು ಇದ್ದರೆ ಸಾಕು.

ಕೆಲಸ ಹೇಗೆ ಅಂತೀರಾ? ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರು ಹೊಯ್ದರೆ ದವಡೆಯ ಪಡಿಯಚ್ಚು. ಅದರ ಮೇಲೆ ಮೇಣದ ಏರಿ. ನಕ್ಕಾಗ ತುಟಿ ಎಲ್ಲಿಯವರೆಗೆ ಏಳುತ್ತೆ ಅಂತ ಆ ಏರಿಯ ಮೇಲೆ ಡಾಕ್ಟರು ಒಂದು ಗೀಟು ಹಾಕಿರ್ತಾರೆ. ಟೆಕ್ನಿಷಿಯನ್ ಆ ಗೀಟು ನೋಡಿಕೊಂಡೇ ಹಲ್ಲು ಕೂರಿಸಬೇಕು, ಮೇಲೆ 14, ಕೆಳಗೆ 14. ದಿನವಿಡೀ ಅಪರಿಚಿತರ ನಗುವನ್ನೇ ಅಳೆಯುತ್ತಾ ಕೂತವರು ಮುಖ ಗಂಟು ಹಾಕಿಕೊಂಡು ಬಾಳುವುದು ಕಷ್ಟ ಕಣ್ರೀ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆಗೆ ಎದುರು ನಿಂತ ಕಸುಬು ಇದೊಂದೇ.

ಇನ್ನು ತಾಳ್ಮೆ. ಮೇಣ ಕರಗಿಸಿ ತೆಗೆದ ಜಾಗಕ್ಕೆ ಅಕ್ರಿಲಿಕ್ ಹಿಟ್ಟು ತುಂಬಿ ಬಿಸಿನೀರಿನಲ್ಲಿ ಬೇಯಿಸಬೇಕು. ಹಳೆಯ ಪದ್ಧತಿಯಲ್ಲಿ 74 ಡಿಗ್ರಿ ಶಾಖದಲ್ಲಿ ಎಂಟು ಗಂಟೆಗೂ ಮೇಲೆ. ಆತುರಪಟ್ಟು ಉರಿ ಜೋರು ಮಾಡಿದಿರೋ, ಒಳಗಿನ ದ್ರವ ಕುದ್ದು ಸೆಟ್ಟಿನ ತುಂಬ ಗುಳ್ಳೆ. ಸೈನ್ಯದ ಶಿಸ್ತು ಇಲ್ಲಿ ಕೆಲಸಕ್ಕೆ ಬರುತ್ತೆ.

ಭಕ್ತಿಗೂ ಇದಕ್ಕೂ ಏನು ಸಂಬಂಧ? ಇದೆ! ಕನ್ನಡ ವ್ಯಾಕರಣದಲ್ಲಿ ತ, ಥ, ದ, ಧ, ನ ಎಲ್ಲ ದಂತ್ಯ, ಸಕಾರವೂ ದಂತ್ಯವೇ. ಹಲ್ಲು ಉದುರಿದ ಅಜ್ಜಿ ಸಹಸ್ರನಾಮ ಹೇಳಲು ಕೂತರೆ ಅರ್ಧ ನಾಮ ಗಾಳಿಯ ಪಾಲು. ಮುಂದಿನ ಹಲ್ಲು ಒಂದಿಷ್ಟೇ ಆಚೀಚೆ ಕೂತರೂ ಸಕಾರಕ್ಕೆ ಸಿಳ್ಳೆ ಬರುತ್ತೆ. ವೈಯಾಲಿಕಾವಲಿನ ತಿರುಪತಿ ದೇವಸ್ಥಾನದಲ್ಲಿ ವೈಕುಂಠ ಏಕಾದಶಿ ದಿನ ಸಾಲು ನಿಂತು ಗೋವಿಂದ ಅನ್ನುವ ಮುದುಕರ ಬಾಯಲ್ಲಿ ಆ ದಕಾರ ಸರಿಯಾಗಿ ಬಂದರೆ, ಅದರ ಹಿಂದೆ ಯಾರದೋ ಒಂದು ಹಗಲಿನ ಕೆಲಸ ಇದೆ. ಇಂಥ ಕಸುಬಿನವರು ದೈವಭಕ್ತರಾದರೆ ಸೇವೆಯನ್ನು ಬೇರೆ ಹುಡುಕಬೇಕಾಗಿಲ್ಲ.

ಈ ನಂಟು ಬಹಳ ಹಳೆಯದು. ಜಪಾನಿನಲ್ಲಿ ಸಿಕ್ಕಿರುವ ಹಳೆಯ ಮರದ ಹಲ್ಲಿನ ಸೆಟ್ಟು 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯದು. ಅಲ್ಲಿ ಬುದ್ಧನ ಮೂರ್ತಿ ಕೆತ್ತುವವರಿಂದಲೇ ಈ ಕಸುಬು ಶುರುವಾಯಿತು ಅಂತಾರೆ.

ತಮ್ಮ ಕೆಲಸ ಇವರಿಗೆ ನೋಡಿದ ಕೂಡಲೆ ಗುರುತು ಸಿಗುತ್ತೆ. 1945ರಲ್ಲಿ ಬರ್ಲಿನ್ ಬಿದ್ದಾಗ ಹಿಟ್ಲರನ ದವಡೆ ಇದೇ ಅಂತ ರಷ್ಯನ್ನರಿಗೆ ಹೇಳಿದವರಲ್ಲಿ ಫ್ರಿಟ್ಸ್ ಎಕ್ಟ್‌ಮನ್ ಎಂಬ ಟೆಕ್ನಿಷಿಯನ್ ಒಬ್ಬ. ಕಟ್ಟಿದವನು ಅವನೇ! ಬಹುಮಾನ? ವರ್ಷಗಟ್ಟಲೆ ರಷ್ಯದ ಸೆರೆ, ಪಾಪ.

ಈಗ ಬಾಯಿಗೆ ಕ್ಯಾಮೆರಾ ಹಿಡಿದರೆ ಅಚ್ಚು ಕಂಪ್ಯೂಟರಿನಲ್ಲಿ ಮೂಡುತ್ತೆ, ಯಂತ್ರ ಹಲ್ಲು ಕೊರೆದು ಕೊಡುತ್ತೆ. ಆದರೂ ಕೊನೆಗೆ ಉಜ್ಜಿ ಹೊಳಪು ಕೊಡಲು ಒಂದು ಜೊತೆ ಕೈ ಬೇಕೇ ಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸೆಟ್ಟಿನೊಳಗೆ ಹೆಸರು ಅಡಗಿಸಿಡುವ ಕಾನೂನು ಇದೆ. ಅದೂ ತೊಟ್ಟವರ ಹೆಸರು, ಕಟ್ಟಿದವರದ್ದಲ್ಲ. ಮನೆಯಲ್ಲಿ ತಾತನ ಸೆಟ್ಟು ನೀರಿನ ಲೋಟದಲ್ಲಿ ಮುಳುಗಿದ್ದರೆ ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರನ್ನೇ ಕೇಳಿ, ಇದು ಯಾರ ಕೈಕೆಲಸ ಅಂತ.