ಹಳ್ಳಿಯ ನೀರಿನ ಪ್ರಶ್ನೆ

ಬಯಲುಸೀಮೆಯ ಹಳ್ಳಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನೀರು ತರುವವಳು. ಕೋಳಿ ಕೂಗುವದಕ್ಕೆ ಮುಂಚೆಯೇ ಆಕೆಯು ಕೊಡವನ್ನು ಟೊಂಕಕ್ಕೇರಿಸಿ ಹೊರಡಬೇಕು. ಮನೆಯವರ ಊಟ, ಮಕ್ಕಳ ಶಾಲೆ, ಹೊಲದ ಕೂಲಿ ಎಲ್ಲವೂ ಆಕೆಯು ಹಿಂದಿರುಗುವ ಹೊತ್ತನ್ನೇ ಕಾದು ನಿಂತಿರುವವು. ಸ್ವರಾಜ್ಯವು ಹಳ್ಳಿಯನ್ನು ಮುಟ್ಟಿತೋ ಇಲ್ಲವೋ ಎಂಬದನ್ನು ಅರಿಯಬಯಸುವವರು ಮೊದಲು ಆ ದಾರಿಯ ಉದ್ದವನ್ನು ಅಳೆಯಲಿ ಎಂದು ನಾವು ಹೇಳುತ್ತೇವೆ.

ಲೆಕ್ಕವು ಸರಳವಾಗಿದೆ. ಕೊಡವೊಂದಕ್ಕೆ 15 ಲೀಟರು ನೀರು ಹಿಡಿಯುವದೆಂದೂ, ಬಾವಿಯು ಮನೆಗೆ ಅರ್ಧ ಕಿಲೋಮೀಟರು ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಆರು ಕೊಡ ನೀರಿಗಾಗಿ ಆಕೆಯು ಆರು ಕಿಲೋಮೀಟರು ನಡೆಯಬೇಕು. ಅದರಲ್ಲಿ ಮೂರು ಕಿಲೋಮೀಟರನ್ನು 15 ಕಿಲೋಗ್ರಾಮಿಗೂ ಮಿಕ್ಕ ಭಾರ ಹೊತ್ತು ನಡೆಯಬೇಕು. ಇಷ್ಟು ಶ್ರಮಕ್ಕೆ ದೊರೆತದ್ದು 90 ಲೀಟರು; ಐದು ಜನರ ಸಂಸಾರದಲ್ಲಿ ತಲೆಗೆ 18 ಲೀಟರು. ಗ್ರಾಮವಾಸಿಯೊಬ್ಬನಿಗೆ ದಿನಕ್ಕೆ 55 ಲೀಟರು ಬೇಕೆಂದು ಭಾರತ ಸರ್ಕಾರವೇ ಗೊತ್ತುಮಾಡಿದೆ. ಕುಡಿಯುವದನ್ನೂ ಅಡಿಗೆಯನ್ನೂ ಬಿಡುವಂತಿಲ್ಲ. ಆದುದರಿಂದ ಕೈ ತೊಳೆಯುವ ನೀರಿಗೂ ಕೂಸಿಗೆ ಎರೆಯುವ ನೀರಿಗೂ ಕೊರತೆ ಬೀಳುವದು. ಪೇಟೆಯ ಸಭ್ಯರು ಹಳ್ಳಿಗರಿಗೆ ಶುಚಿತ್ವದ ಉಪದೇಶ ಮಾಡುವ ಮುನ್ನ ಆ ಕೊಡವನ್ನೊಮ್ಮೆ ಹೊತ್ತು ನೋಡುವದು ಒಳ್ಳೆಯದು.

ಇಷ್ಟು ಕಷ್ಟಪಟ್ಟು ತಂದ ನೀರೂ ಶುದ್ಧವಾಗಿರಲಿಲ್ಲವೆಂಬದಕ್ಕೆ ನಾರುಹುಣ್ಣಿನ ವೃತ್ತಾಂತವೇ ಸಾಕ್ಷಿ. ಈ ರೋಗವು ಬೇರೂರಿದ್ದ ಭಾರತದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಹುಣ್ಣಾದವನು ಮೆಟ್ಟಿಲುಬಾವಿಗೆ ಇಳಿದು ನೀರಿನಲ್ಲಿ ಕಾಲಿಟ್ಟರೆ ಹುಳುವು ತನ್ನ ಮರಿಗಳನ್ನು ಅಲ್ಲಿ ಬಿಡುವದು. ನೀರಿನಲ್ಲಿರುವ ಅತಿ ಸಣ್ಣ ಜೀವಿಗಳು ಅವನ್ನು ನುಂಗುವವು. ಆ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಸುಮಾರು ಒಂದು ವರ್ಷ ಬೆಳೆದು, ಎರಡು ಮೂರು ಅಡಿ ಉದ್ದದ ನಾರಿನಂಥ ಹುಳುವು ಕಾಲಿನ ಚರ್ಮವನ್ನೊಡೆದು ಹೊರಬೀಳುವದು. ಇದಕ್ಕೆ ಮದ್ದಿಲ್ಲ, ಲಸಿಕೆಯಿಲ್ಲ. ಕಡ್ಡಿಗೆ ಸುತ್ತುತ್ತ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಬಿತ್ತುವ ಕಾಲದಲ್ಲಿ ಒಕ್ಕಲಿಗನು ಹೀಗೆ ಹಾಸಿಗೆ ಹಿಡಿದರೆ ಆ ವರ್ಷದ ಅನ್ನಕ್ಕೇ ಸಂಚಕಾರ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯವು ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿತು, ಕೈಪಂಪುಗಳನ್ನು ನೆಡಿಸಿತು, ಬಟ್ಟೆಯಲ್ಲಿ ನೀರು ಸೋಸುವದನ್ನು ಕಲಿಸಿತು. 1996ರಲ್ಲಿ ರಾಜಸ್ಥಾನದಲ್ಲಿ ಕಾಣಿಸಿಕೊಂಡದ್ದೇ ಕೊನೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಔಷಧವಿಲ್ಲದ ರೋಗವನ್ನು ನೀರಿನ ಶುದ್ಧಿಯೇ ದೇಶದಿಂದ ಅಟ್ಟಿತು.

ಅದೇ ದಶಕದಲ್ಲಿ ನಮ್ಮ ರಾಜ್ಯದ ಗ್ರಾಮಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಕೊರೆಯಿಸಿದರು. ಜನರು ಅವರನ್ನು ‘ನೀರು ಸಾಬ’ರೆಂದು ಕರೆದರು. 1988ರಲ್ಲಿ ಅವರು ತೀರಿಕೊಂಡರು, ಹೆಸರು ಉಳಿದಿದೆ. ಬಿರುದುಗಳನ್ನು ಸರ್ಕಾರಗಳು ಕೊಡುವವು. ಇಂಥ ಹೆಸರನ್ನು ಟೊಂಕದ ಕೊಡ ಇಳಿಸಿದ ಹೆಂಗಸರೇ ಕೊಡಬಲ್ಲರು.

ನೀರು ಸಮೀಪಕ್ಕೆ ಬಂದ ಊರಿನಲ್ಲಿ ಆಗುವ ಮಾರ್ಪಾಟು ಸದ್ದಿಲ್ಲದ್ದು. ತಾಯಿಗೆ ಜ್ವರ ಬಂದ ದಿನವೂ ಮಗಳು ಶಾಲೆಗೆ ಹೋಗುವಳು. ಬಸುರಿಯು ಭಾರ ಹೊರುವದು ತಪ್ಪುವದು. ಮಕ್ಕಳ ವಾಂತಿಭೇದಿ ಕಡಿಮೆಯಾಗುವದು. ಹಿತ್ತಲಲ್ಲಿ ಎರಡು ಬದನೆಯ ಗಿಡಗಳು ತಲೆಯೆತ್ತುವವು. ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದುಂಟು. ಬಾವಿ ಕೆರೆಗಳಿಂದ ಯಾರನ್ನೂ ಜಾತಿಯ ಕಾರಣದಿಂದ ದೂರವಿಡಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ವಿಧಿಸಿದೆ. ಆದರೂ ಬಾವಿಕಟ್ಟೆಗೆ ದೂರದಲ್ಲಿ ನಿಂತು, ಇನ್ನೊಬ್ಬರು ಎರೆಯಲೆಂದು ಕಾದವರ ಅವಮಾನವು ಬಹುಕಾಲ ತೀರಲಿಲ್ಲ. ತನ್ನ ಬಾಗಿಲಲ್ಲಿಯೇ ನಲ್ಲಿಯನ್ನು ತಿರುಗಿಸುವವಳು ಯಾರ ಕೃಪೆಗೂ ಕಾಯಬೇಕಾಗಿಲ್ಲ.

ಆದರೆ ಸಮೀಪಕ್ಕೆ ಬಂದ ಮಾತ್ರಕ್ಕೆ ನೀರು ಶುದ್ಧವೆಂದು ನಂಬುವಂತಿಲ್ಲ. ಅಂತರ್ಜಲವು ಕುಸಿದಂತೆಲ್ಲ ನಾವು ಕೊಳವೆಬಾವಿಗಳನ್ನು ಆಳಕ್ಕೆ ಕೊರೆಯುತ್ತ ಹೋದೆವು. ಬಂಡೆಗಳ ನಡುವಿನ ಆ ನೀರಿನೊಡನೆ ಫ್ಲೋರೈಡು ಮೇಲೆ ಬಂದಿತು. ಪಾವಗಡದಂಥ ತಾಲೂಕುಗಳಲ್ಲಿ ಕರೆಗಟ್ಟಿದ ಹಲ್ಲುಗಳೂ ಬಿಗಿದ ಕೀಲುಗಳೂ ಅದರ ಫಲ. ಲೀಟರಿಗೆ 1.5 ಮಿಲಿಗ್ರಾಮಿಗೆ ಮಿಕ್ಕರೆ ಆ ನೀರು ಕುಡಿಯಲು ತಕ್ಕುದಲ್ಲ. ಕಣ್ಣಿಗೆ ಅದು ಕಾಣದು. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಅಂಶ ಹೆಚ್ಚುವದು.

2019ರ ಆಗಸ್ಟ್ 15ರಂದು ಜಲ ಜೀವನ ಯೋಜನೆಯು ಘೋಷಿತವಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿಯಿದ್ದವು 3.23 ಕೋಟಿ, ಎಂದರೆ ನೂರಕ್ಕೆ ಸುಮಾರು 17. 2025ರ ವೇಳೆಗೆ ಆ ಸಂಖ್ಯೆಯು 15 ಕೋಟಿಯನ್ನು ದಾಟಿತು. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ನಡೆದ ಈ ಕಾರ್ಯವು ಸ್ತುತ್ಯವಾದದ್ದೆಂಬದರಲ್ಲಿ ಸಂದೇಹವಿಲ್ಲ. ಆದರೆ ನಲ್ಲಿಗಳನ್ನು ಎಣಿಸಿದ ಮಾತ್ರಕ್ಕೆ ನೀರನ್ನು ಎಣಿಸಿದಂತಾಗಲಿಲ್ಲ. ಬೇಸಗೆಯಲ್ಲಿ ಮೂಲವು ಬತ್ತಿದರೆ ಕೊಡವು ಪುನಃ ಟೊಂಕಕ್ಕೇರುವದು.

ಆದುದರಿಂದ ಪ್ರತಿಯೊಂದು ಗ್ರಾಮ ಪಂಚಾಯತಿಯು ಮೂರು ಕೆಲಸಗಳನ್ನು ತನ್ನವೆಂದು ತಿಳಿಯಬೇಕು. ಊರ ಕೆರೆಯ ಹೂಳೆತ್ತಿ ಮಳೆಯ ನೀರನ್ನು ನೆಲಕ್ಕೆ ಇಂಗಿಸಬೇಕು. ಪ್ರತಿ ಗ್ರಾಮದಲ್ಲಿ ಐವರಿಗೆ, ವಿಶೇಷವಾಗಿ ಹೆಂಗಸರಿಗೆ, ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ಯೋಜನೆಯೇ ಹೇಳಿರುವದರಿಂದ, ಅವರು ಕಂಡ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ನೀರುಗಂಟಿಗೆ ತಿಂಗಳು ತಿಂಗಳಿಗೂ ತಪ್ಪದೆ ಸಂಬಳ ಕೊಡಬೇಕು. ಅದಕ್ಕಾಗಿ ಊರವರೂ ನೀರಿನ ಕರವನ್ನು ಗೊಣಗದೆ ಸಲ್ಲಿಸಬೇಕು.

ಉದ್ಘಾಟನೆಯ ಕಲ್ಲುಗಳನ್ನು ನೋಡಿ ನಾವು ತೃಪ್ತರಾಗಲಾರೆವು. ಯಾವ ಊರಿನಲ್ಲಿ ವೈಶಾಖದ ಬೆಳಗಿನಲ್ಲಿಯೂ ಕೊಡವು ಮನೆಯಲ್ಲಿಯೇ ಇರುವದೋ, ಆ ಊರಿಗೆ ನೀರು ಬಂದಿತೆಂದು ಒಪ್ಪುವೆವು.