ಮರೆತವರ ಮನೆಯ ಬಾಗಿಲು

ವೃದ್ಧಾಶ್ರಮದ ಗೇಟು ಒಳಗಿರುವವರು ಕೇಳಿದಾಗ ತೆರೆಯುತ್ತದೆ; ಡಿಮೆನ್ಷಿಯಾ ಇರುವ ಹಿರಿಯರ ಆರೈಕೆ ಕೇಂದ್ರದ ಗೇಟು ಹಾಗೆ ತೆರೆಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಸಾಲು ಮಂಚ, ಊಟದ ಹಾಲ್, ಅಂಗಳದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಆದರೆ ವೃದ್ಧಾಶ್ರಮ ಸೇರಿದವರಿಗೆ ತಾವು ಎಲ್ಲಿದ್ದೇವೆ, ಯಾಕೆ ಬಂದೆವು ಎಂಬುದು ಗೊತ್ತಿರುತ್ತದೆ. ಇಲ್ಲಿರುವವರಿಗೆ ಗೊತ್ತಿಲ್ಲದಿರುವುದು ಅದೇ. ಹೊರಗೆ ಬಿಟ್ಟರೆ ದಾರಿ ತಪ್ಪುತ್ತಾರೆ, ಒಳಗೆ ಕೂಡಿಹಾಕಿದರೆ ಯಾವ ತಪ್ಪಿಗೆ ಈ ಜೈಲು ಎಂದು ಕಂಗಾಲಾಗುತ್ತಾರೆ. ಇಂಥ ಕೇಂದ್ರದ ಕಟ್ಟಡ, ದಿನಚರಿ, ಸಿಬ್ಬಂದಿಯ ಮಾತಿನ ರೀತಿ ಎಲ್ಲವೂ ಈ ಒಂದು ಇಕ್ಕಟ್ಟಿನಿಂದ ಹುಟ್ಟಿಕೊಂಡವು.

ಡಿಮೆನ್ಷಿಯಾ ಎಂಬುದು ಒಂದೇ ರೋಗದ ಹೆಸರಲ್ಲ. ಮಿದುಳಿನ ಜೀವಕೋಶಗಳು ಹಾಳಾಗುತ್ತಾ ಬುದ್ಧಿಯ ಕೆಲಸಗಳು ಒಂದೊಂದಾಗಿ ಕೈಕೊಡುವ ಸ್ಥಿತಿಗೆ ಇಟ್ಟ ಹೆಸರು. ಅದಕ್ಕೆ ಅತಿ ಹೆಚ್ಚು ಕಾರಣವಾಗುವುದು ಆಲ್‌ಝೈಮರ್ ಕಾಯಿಲೆ. ಸಣ್ಣ ಸಣ್ಣ ಪಾರ್ಶ್ವವಾಯುಗಳಿಂದ ಬರುವ ಬಗೆಯೂ ನಮ್ಮಲ್ಲಿ ಕಡಿಮೆಯೇನಿಲ್ಲ. ಮೊದಲು ಹೋಗುವುದು ಇವತ್ತು ಬೆಳಗಿನ ನೆನಪು, ಆಮೇಲೆ ದಾರಿ, ಹೊತ್ತು, ಪದಗಳು. ಕೊನೆಗೆ ಗುಂಡಿ ಹಾಕುವುದು, ಶೌಚ, ನುಂಗುವುದು. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ಈ ವಿಷಯದಲ್ಲಿ ಸಾಕಷ್ಟು ಹಾನಿ ಮಾಡಿದೆ. ವಯಸ್ಸಾದ ಮೇಲೆ ಹೀಗೆಯೇ ಎಂದುಕೊಂಡು ಮೊದಲ ನಾಲ್ಕೈದು ವರ್ಷ ವೈದ್ಯರ ಹತ್ತಿರವೇ ಹೋಗದ ಮನೆಗಳು ಎಷ್ಟೋ. ಭಾರತದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು ಎಂಬುದು ಅದೇ ಅಧ್ಯಯನ ಕಂಡುಕೊಂಡ ಸಂಗತಿ. ಆರೈಕೆ ಕೇಂದ್ರಗಳು ಇರುವುದು ಮಾತ್ರ ನಗರಗಳಲ್ಲಿ.

ಹೆಚ್ಚಿನವರನ್ನು ಮನೆಯವರೇ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಸಾಮಾನ್ಯವಾಗಿ ಹೆಂಡತಿ, ಮಗಳು ಅಥವಾ ಸೊಸೆ. ಬರೀ ಮರೆವಿಗೆ ಯಾರೂ ಕೇಂದ್ರದ ಮೊರೆ ಹೋಗುವುದಿಲ್ಲ. ರಾತ್ರಿಯಿಡೀ ನಿದ್ದೆ ಇಲ್ಲದೆ ಓಡಾಡುವುದು, ಗ್ಯಾಸ್ ಹಚ್ಚಿ ಮರೆಯುವುದು, ಬಳೆ ಕದ್ದೆ ಎಂದು ಸೊಸೆಯ ಮೇಲೆ ಹರಿಹಾಯುವುದು, ಬಟ್ಟೆಯಲ್ಲೇ ಶೌಚವಾಗುವುದು, ಸ್ನಾನಕ್ಕೆ ಕರೆದರೆ ಕೈ ಎತ್ತುವುದು, ಇವೆಲ್ಲ ಸೇರಿ ಎಪ್ಪತ್ತರ ಹೆಂಡತಿಯ ಸೊಂಟ ಮುರಿದಾಗ ಆ ತೀರ್ಮಾನ ಬರುತ್ತದೆ. ಇನ್ನೊಂದು ಕಾರಣ, ಒಮ್ಮೆ ಮನೆಬಿಟ್ಟು ಹೋಗಿ ಸಿಗದೆ ಹೋಗುವುದು. 2016ರಲ್ಲಿ ಹೇಮಂತ್ ಎಂ. ರಾವ್ ನಿರ್ದೇಶಿಸಿದ ಕನ್ನಡ ಚಿತ್ರದ ಹೆಸರೇ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಕಾಣೆಯಾದವರ ಪ್ರಕಟಣೆಯ ಒಕ್ಕಣೆಯದು. ಅನಂತ್ ನಾಗ್ ಅದರಲ್ಲಿ ಆಲ್‌ಝೈಮರ್ ಇರುವ ತಂದೆ. ಆರೈಕೆ ಕೇಂದ್ರದಿಂದ ಹೊರಗೆ ಕರೆದೊಯ್ದ ಮಗ ಅವರನ್ನು ಊರ ನಡುವೆ ಕಳೆದುಕೊಳ್ಳುತ್ತಾನೆ.

ಈ ಕಾಯಿಲೆಗೆ ಹೆಸರು ಬಂದದ್ದೇ ಒಂದು ಆಶ್ರಯಸ್ಥಳದಿಂದ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ 51 ವರ್ಷದ ಆಗುಸ್ಟೆ ಡೆಟರ್ ಎಂಬ ಹೆಂಗಸನ್ನು ಗಂಡ ತಂದು ಸೇರಿಸಿದ. ಅಲ್ಲಿನ ವೈದ್ಯ ಆಲೊಯಿಸ್ ಆಲ್‌ಝೈಮರ್ ಆಕೆಯ ಜತೆ ಆಡಿದ ಮಾತುಗಳನ್ನು ಬರೆದಿಟ್ಟುಕೊಂಡರು. 1906ರಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು ಪರೀಕ್ಷಿಸಿ, ಅದೇ ವರ್ಷ ಟ್ಯೂಬಿಂಗೆನ್‌ನಲ್ಲಿ ವರದಿ ಮಂಡಿಸಿದರು. ವೈದ್ಯಕೀಯ ಪುಸ್ತಕಗಳು ಆ ಮಿದುಳಿನಲ್ಲಿ ಕಂಡ ಗಂಟುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಆಕೆಯ ಜೀವ ಹೋದದ್ದು ಹಾಸಿಗೆ ಹುಣ್ಣಿನ ನಂಜು ರಕ್ತಕ್ಕೇರಿ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆರೈಕೆಯ ಬಗ್ಗೆ ಯೋಚಿಸುವವರಿಗೆ ಗಂಟುಗಳಿಗಿಂತ ಆ ಹುಣ್ಣೇ ಮುಖ್ಯ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗಳು ಇದ್ದರೆ ಅಂಥ ಹುಣ್ಣುಗಳನ್ನು ಬಹುಪಾಲು ತಡೆಯಬಹುದು.

ಅಲ್ಲಿಂದ ಮುಂದೆ ದಶಕಗಳ ಕಾಲ ಪಶ್ಚಿಮದ ಆರೈಕೆ ಮನೆಗಳು ಆಸ್ಪತ್ರೆಯ ವಾರ್ಡಿನ ಪಡಿಯಚ್ಚಾಗಿದ್ದವು: ಉದ್ದ ಕಾರಿಡಾರು, ಒಂದೇ ಹೊತ್ತಿಗೆ ಎಲ್ಲರಿಗೂ ಊಟ, ಏಳಲು ಹೋದವರನ್ನು ಕುರ್ಚಿಗೆ ಪಟ್ಟಿ ಹಾಕಿ ಕಟ್ಟುವುದು. ಅಮೆರಿಕ 1987ರಲ್ಲಿ ಕಾನೂನು ತಂದು, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದನ್ನು ನಿಷೇಧಿಸಿತು. ಬ್ರಿಟನ್ನಿನ ಬ್ರಾಡ್‌ಫರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಇನ್ನೂ ಮೂಲಕ್ಕೆ ಕೈಹಾಕಿದರು. ರೋಗಿಯ ಕುಸಿತಕ್ಕೆ ಮಿದುಳಷ್ಟೇ ಕಾರಣವಲ್ಲ, ಸುತ್ತಲಿನವರು ಅವರನ್ನು ಮನುಷ್ಯರೆಂದು ಎಣಿಸದೆ ನಡೆಸಿಕೊಳ್ಳುವ ರೀತಿಯೂ ಕಾರಣ ಎಂಬುದು ಅವರ ವಾದ. ಇವತ್ತು ಒಳ್ಳೆಯ ಕೇಂದ್ರಗಳು ಹೇಳಿಕೊಳ್ಳುವ 'ವ್ಯಕ್ತಿಕೇಂದ್ರಿತ ಆರೈಕೆ' ಬಂದದ್ದು ಅಲ್ಲಿಂದ. ಈ ಮಾತು ಈಗ ಕರಪತ್ರಗಳಲ್ಲಿ ಸವಕಲಾಗಿರುವುದು ಬೇರೆ ವಿಚಾರ.

ಬಾಗಿಲಿನ ಇಕ್ಕಟ್ಟಿಗೆ ಅತ್ಯಂತ ಧೈರ್ಯದ ಉತ್ತರ ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ವೇಸ್ಪ್ ಎಂಬಲ್ಲಿ ಹಳೆಯ ನರ್ಸಿಂಗ್ ಹೋಮ್ ಒಂದರ ಸಿಬ್ಬಂದಿ 1990ರ ದಶಕದ ಆರಂಭದಲ್ಲಿ ತಮ್ಮನ್ನೇ ಕೇಳಿಕೊಂಡರು: ನಮ್ಮ ಅಪ್ಪ ಅಮ್ಮನನ್ನು ನಾವು ಇಲ್ಲಿ ಸೇರಿಸುತ್ತೇವೆಯೇ? ಆ ಪ್ರಶ್ನೆಯಿಂದ ಹುಟ್ಟಿದ 'ಹೋಗವೇಕ್' 2009ರಲ್ಲಿ ತೆರೆಯಿತು. ಅದು ವಾರ್ಡಲ್ಲ, ಪುಟ್ಟ ಬಡಾವಣೆ. ಆರೇಳು ಮಂದಿಗೆ ಒಂದರಂತೆ, ಆರಂಭದಲ್ಲಿ 23 ಮನೆಗಳು, ನಡುವೆ ಬೀದಿ, ಅಂಗಡಿ, ಹೋಟೆಲು, ನಾಟಕಶಾಲೆ, ತೋಟ. ಅಡುಗೆ ಆಯಾ ಮನೆಯಲ್ಲೇ. ಒಗ್ಗರಣೆಯ ವಾಸನೆ ಬಂದರೆ ಹಸಿವಾಗುತ್ತದೆ ಎಂಬುದು ನಮಗೆ ಹೊಸದಲ್ಲ, ಆದರೆ ಸಾಂಸ್ಥಿಕ ಅಡುಗೆಮನೆಗಳು ಮರೆತಿದ್ದ ಸತ್ಯ ಅದು. ಕಟ್ಟಡಗಳೇ ಒಟ್ಟಾಗಿ ಹೊರಗೋಡೆಯಾಗಿ ನಿಂತಿರುವುದರಿಂದ ಒಳಗೆ ಎತ್ತ ಬೇಕಾದರೂ ಸುತ್ತಬಹುದು. ಹೊರಗೆ ಹೋಗುವ ಬಾಗಿಲು ಒಂದೇ. ಇದೆಲ್ಲ ನಾಟಕದ ಸೆಟ್ಟು ಎಂದು ಟೀಕಿಸಿದವರೂ ಇದ್ದಾರೆ. ಟೀಕೆ ಪೂರ್ತಿ ಸರಿಯಲ್ಲ: ಅಲ್ಲಿನ ಅಂಗಡಿಯಲ್ಲಿ ನಿಜವಾದ ಬ್ರೆಡ್ಡು ಸಿಗುತ್ತದೆ. ಸೆಟ್ಟು ಎನ್ನಬೇಕಾದರೆ ಜರ್ಮನಿಯ ಡ್ಯುಸೆಲ್ಡಾರ್ಫ್‌ನ ಆರೈಕೆ ಮನೆಯೊಂದರ ಮುಂದೆ ನಿಲ್ಲಿಸಿದ, ಬಸ್ಸೇ ಬಾರದ ಬಸ್ ಸ್ಟಾಪಿಗೆ ಅನ್ನಬೇಕು. ಊರಿಗೆ ಹೋಗುತ್ತೇನೆಂದು ಹೊರಟವರು ಅಲ್ಲಿ ಬೆಂಚಿನ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲಿಗೆ ಹೊರಟಿದ್ದೆವೆಂಬುದು ಮಸುಕಾಗುತ್ತದೆ, ನರ್ಸ್ ಬಂದು ಕಾಫಿಗೆ ಕರೆಯುತ್ತಾಳೆ.

ಬಡಾವಣೆ ಕಟ್ಟಲಾಗದಿದ್ದರೂ ಕಟ್ಟಡದಲ್ಲಿ ಮಾಡಬಹುದಾದದ್ದು ಬಹಳ. ಕಾರಿಡಾರು ಗೋಡೆಗೆ ಹೋಗಿ ಮುಗಿಯದೆ ಸುತ್ತಿ ಮೊದಲಿನ ಜಾಗಕ್ಕೇ ಬಂದರೆ ಅಲೆದಾಟ ಅಡ್ಡಾಟವಾಗುತ್ತದೆ. ಬಾಗಿಲಿನ ಮುಂದಿನ ಕಪ್ಪು ಕಾಲೊರಸು ಕೆಲವರ ಕಣ್ಣಿಗೆ ಹೊಂಡದಂತೆ ಕಂಡು ಅಲ್ಲೇ ನಿಂತುಬಿಡುತ್ತಾರೆ. ಮಿರಿಮಿರಿ ಹೊಳೆಯುವ ಟೈಲ್ಸ್ ನೀರು ಚೆಲ್ಲಿದಂತೆ ಕಾಣುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವೂ ಪಾಲಿಶ್ ಹೆಚ್ಚಾದರೆ ಅಷ್ಟೇ. ಕನ್ನಡಿಯೊಳಗೆ ಯಾರೋ ಮುದುಕಿ ನಿಂತು ದಿಟ್ಟಿಸುತ್ತಿದ್ದಾಳೆಂದು ಹೆದರುವವರಿಗಾಗಿ ಕನ್ನಡಿಗೆ ಪರದೆ ಹಾಕುತ್ತಾರೆ. ತಟ್ಟೆಯ ಬಣ್ಣವೂ ಗಣನೆಗೆ ಬರುತ್ತದೆ. ಕೆಂಪು ತಟ್ಟೆ ಲೋಟಗಳಲ್ಲಿ ಬಡಿಸಿದಾಗ ಕಾಯಿಲೆ ಬಲಿತವರು ನೂರಕ್ಕೆ 25ರಷ್ಟು ಹೆಚ್ಚು ಊಟ ಮಾಡಿದರೆಂದು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಪರೀಕ್ಷೆಗೊಳಗಾದವರು ಕೆಲವೇ ಮಂದಿ, ನಿಜ. ಆದರೂ ಬಿಳಿ ತಟ್ಟೆಯಲ್ಲಿ ಮೊಸರನ್ನ ಹಾಕಿ, ಅಜ್ಜ ಊಟ ಬಿಟ್ಟಿದ್ದಾರೆ ಎಂದು ಬರೆದುಕೊಳ್ಳುವ ಮುಂಚೆ ಅವರಿಗೆ ಅನ್ನ ಕಾಣುತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಸೇರಿಸಿಕೊಳ್ಳುವಾಗ ಒಳ್ಳೆಯ ಕೇಂದ್ರ ಔಷಧಿ ಪಟ್ಟಿಯಷ್ಟೇ ಉದ್ದದ ಇನ್ನೊಂದು ಪಟ್ಟಿ ಕೇಳುತ್ತದೆ. ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಸ್ನಾನಕ್ಕೆ ಮುಂಚೆ ತಿಂಡಿ ತಿನ್ನುತ್ತಿದ್ದರೇ, ಏನು ಕೆಲಸದಲ್ಲಿದ್ದರು. ಮೂವತ್ತು ವರ್ಷ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು ನಡುರಾತ್ರಿ ಎದ್ದು ಕೂತರೆ ಅದು ರೋಗವೇ ಆಗಬೇಕಿಲ್ಲ. ಹಂಡೆ ಚೊಂಬಿನಲ್ಲಿ ಸ್ನಾನ ಮಾಡಿ ಬೆಳೆದವರಿಗೆ ತಲೆಯ ಮೇಲಿಂದ ಷವರ್ ಬಿಟ್ಟರೆ ಯಾರೋ ಮುಳುಗಿಸಲು ಬಂದಂತೆ ಅನ್ನಿಸುತ್ತದೆ. ಬಕೆಟ್ಟಿನ ಮುಂದೆ ಮಣೆ ಹಾಕಿ ಚೊಂಬು ಅವರ ಕೈಗೇ ಕೊಟ್ಟರೆ ಅರ್ಧ ಜಗಳ ಮುಗಿಯಿತು. ಸೀರೆ ಬಿಡಿಸಿ ನೈಟಿ ಹಾಕುವುದರಲ್ಲಿ ಸಿಬ್ಬಂದಿಗೆ ಅನುಕೂಲವಿದೆ, ಉಟ್ಟವರಿಗೆ ಇದೆ ಎಂದು ಹೇಳಲಾಗದು. ಹೆಸರು ಮರೆತ ಬೆರಳುಗಳಿಗೆ ಕೆಲಸ ನೆನಪಿರುತ್ತದೆ: ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಿಸುವುದು. ಮಡಿಸಿದ ಅದೇ ಟವೆಲ್ಲುಗಳನ್ನು ಮರುದಿನ ಬಿಚ್ಚಿ ಮತ್ತೆ ಮುಂದಿಟ್ಟರೂ ಯಾರಿಗೂ ಬೇಸರವಿಲ್ಲ.

ಕಷ್ಟದ ಹೊತ್ತು ಸಂಜೆ. ಬೆಳಕು ಇಳಿಯುತ್ತಿದ್ದಂತೆ ತಳಮಳ ಏರುತ್ತದೆ. ಎಂಬತ್ತು ದಾಟಿದ ಅಜ್ಜಿ ಸೆರಗು ಸರಿಮಾಡಿಕೊಂಡು, ಚೀಲ ಹಿಡಿದು ಗೇಟಿನ ಬಳಿ ನಿಲ್ಲುತ್ತಾಳೆ. "ಬಾಗಿಲು ತೆಗಿಯಮ್ಮ, ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು." ಮಕ್ಕಳಿಗೇ ಮೊಮ್ಮಕ್ಕಳಾಗಿದ್ದಾರೆ ಎಂದು ಹೇಳಿದರೆ ಆಕೆ ನಂಬುವುದಿಲ್ಲ, ಹೇಳಿದವರನ್ನೂ ನಂಬುವುದಿಲ್ಲ. "ಬರ್ತಾರೆ ಬರ್ತಾರೆ" ಎಂದು ಸುಳ್ಳು ಹೇಳಿದರೆ ಹತ್ತು ನಿಮಿಷಕ್ಕೆ ಮತ್ತೆ ಅದೇ. ಪಳಗಿದ ಆಯಾ ಚೀಲದ ಇನ್ನೊಂದು ಕಿವಿ ಹಿಡಿಯುತ್ತಾಳೆ: "ಮಕ್ಕಳು ಬಂದ ತಕ್ಷಣ ಏನು ಮಾಡಿಕೊಡ್ತಿದ್ರಿ ಅಜ್ಜಿ?" ಅವಲಕ್ಕಿಯ ಮಾತು ಬರುತ್ತದೆ, ಒಗ್ಗರಣೆಗೆ ಕಡಲೆಬೀಜ ಹಾಕಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತದೆ, ಮಾತಾಡುತ್ತಾ ಇಬ್ಬರೂ ಅಡುಗೆಮನೆಯ ಕಡೆ ನಡೆಯುತ್ತಾರೆ. ಅಜ್ಜಿ ಕೇಳುತ್ತಿರುವುದು ಗೇಟಿನ ಹೊರಗಿನ ಯಾವುದೋ ವಿಳಾಸವನ್ನಲ್ಲ, ತಾನು ಯಾರಿಗೋ ಬೇಕಾಗಿದ್ದ ದಿನಗಳನ್ನು. ಮಾತಿನ ಹಿಂದಿನ ಭಾವಕ್ಕೆ ಉತ್ತರ ಕೊಡುವ ಈ ವಿಧಾನವನ್ನು ಅಮೆರಿಕದ ಸಮಾಜ ಕಾರ್ಯಕರ್ತೆ ನವೋಮಿ ಫೈಲ್ ಶಾಸ್ತ್ರಬದ್ಧವಾಗಿ ಬೆಳೆಸಿದರು. ಅವರ ಹೆಸರನ್ನೇ ಕೇಳದ ಎಷ್ಟೋ ಆಯಾಗಳಿಗೆ ಅದು ಬರುತ್ತದೆ.

ಇದಕ್ಕೆ ಪುರುಸೊತ್ತು ಬೇಕು, ಜನ ಬೇಕು. ಎರಡೂ ಇಲ್ಲದ ಕಡೆ ಮಾತ್ರೆ ಬರುತ್ತದೆ. ಗಲಾಟೆ ಅಡಗಿಸಲು ಕೊಡುವ ಮನೋರೋಗದ ಮಾತ್ರೆಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. 2009ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಸುಬೆ ಬ್ಯಾನರ್ಜಿ ಸಲ್ಲಿಸಿದ ವರದಿಯ ಪ್ರಕಾರ ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,80,000 ರೋಗಿಗಳಿಗೆ ಈ ಮಾತ್ರೆ ಸಿಗುತ್ತಿತ್ತು, ಅದರಿಂದ ಹೆಚ್ಚುವರಿಯಾಗಿ ಸುಮಾರು 1,800 ಸಾವುಗಳಾಗುತ್ತಿದ್ದವು. ಕೆಲವರಿಗೆ, ಕೆಲ ಕಾಲ, ಈ ಮಾತ್ರೆ ಬೇಕಾಗುವುದುಂಟು. ಆದರೆ ಸಂಜೆ ಐದಕ್ಕೆ ಇಡೀ ಹಾಲ್ ತೂಕಡಿಸುತ್ತಿದ್ದರೆ ಅದನ್ನು ಶಾಂತಿ ಎಂದುಕೊಳ್ಳಬಾರದು. ನೋಡಲು ಹೋಗುವ ಕುಟುಂಬದವರು ಬೆಳಿಗ್ಗೆ ಹನ್ನೊಂದರ ಬದಲು ಆ ಹೊತ್ತಿಗೇ ಹೋಗಬೇಕು. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆಂದು ಕೇಳಬೇಕು.

ಭಾರತದಲ್ಲಿ ಈ ಕೆಲಸಕ್ಕೆ ಸಂಘಟಿತ ರೂಪ ಬಂದದ್ದು 1992ರಲ್ಲಿ, ಕೇರಳದಲ್ಲಿ ಆಲ್‌ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದಾಗ. ಬೆಂಗಳೂರಿನಲ್ಲಿ 1998ರಿಂದ ಹಿರಿಯರಿಗಾಗಿ ದುಡಿಯುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಡಿಮೆನ್ಷಿಯಾಕ್ಕೆಂದೇ ವಸತಿ ಕೇಂದ್ರ ತೆರೆಯಿತು. ಆಮೇಲೆ ನಗರದಲ್ಲಿ ಖಾಸಗಿ ಕೇಂದ್ರಗಳು ಹೆಚ್ಚಿವೆ. ಅವುಗಳ ದೊಡ್ಡ ತೊಡಕು ಭಾಷೆ. ಕಾಯಿಲೆ ಬಲಿತಂತೆ ಕಲಿತ ಭಾಷೆಗಳು ಉದುರಿ ತಾಯ್ನುಡಿ ಉಳಿಯುವುದು ಸಾಮಾನ್ಯ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಆಡಿದ ಅಜ್ಜ ಕೊನೆಗೆ ಕುಂದಾಪುರದ ಕನ್ನಡಕ್ಕೆ ಮರಳಿರುತ್ತಾರೆ, ಎದುರಿಗೆ ನಿಂತ ಹುಡುಗ ಎರಡು ತಿಂಗಳ ಹಿಂದೆ ಬೇರೆ ರಾಜ್ಯದಿಂದ ಬಂದವನು. ನೀರು ಬೇಕೆಂಬ ಮಾತು ಗೊಣಗಾಟವಾಗಿ ಕೇಳಿಸುತ್ತದೆ. ಸಂಬಳ ಕಡಿಮೆ, ಪಾಳಿ ಹನ್ನೆರಡು ಗಂಟೆ. ಕನ್ನಡ ಕಲಿಯುವಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿರುತ್ತಾನೆ.

ಖರ್ಚಿನ ಮಾತು ಹೀಗೆ: ತಿಂಗಳ ಶುಲ್ಕ ಸಾಮಾನ್ಯ ಪಿಂಚಣಿಗೆ ನಿಲುಕುವಂಥದ್ದಲ್ಲ. ಆರೋಗ್ಯ ವಿಮೆ ಕೊಡುವುದು ಆಸ್ಪತ್ರೆ ಖರ್ಚನ್ನು, ವರ್ಷಗಟ್ಟಲೆಯ ವಾಸಕ್ಕಲ್ಲ. 2024ರಲ್ಲಿ 70 ದಾಟಿದವರೆಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಯೋಜನೆಯೂ ಅಷ್ಟೇ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆ ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕರಿಗೆ ಜಾಗವಿರುವ ವೃದ್ಧಾಶ್ರಮ ಇರಬಹುದೆನ್ನುತ್ತದೆ, ಡಿಮೆನ್ಷಿಯಾಕ್ಕೆ ಪ್ರತ್ಯೇಕ ವ್ಯವಸ್ಥೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪು ಮತ್ತು ದಿಕ್ಕು-ಹೊತ್ತುಗಳ ಅರಿವಿನ ತೀವ್ರ ದೋಷವೂ ಸೇರಿದೆ. ಅದರಡಿ ಸರಪಳಿ ಹಾಕುವಂತಿಲ್ಲ. ಕಟ್ಟಿಹಾಕುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಒಪ್ಪಿಗೆಯ ಮೇಲೆ.

ಕೊನೆಯ ಹಂತದಲ್ಲಿ ಗೇಟಿನ ಪ್ರಶ್ನೆ ಉಳಿಯುವುದಿಲ್ಲ. ಹಾಸಿಗೆ ಹಿಡಿದವರು ಎಲ್ಲಿಗೂ ಹೊರಡುವುದಿಲ್ಲ. ಆಗ ಕೆಲಸ ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು, ನೋವು ತಗ್ಗಿಸುವುದು, ಮಂದವಾದ ಗಂಜಿಯನ್ನು ಕೂರಿಸಿ ಚಮಚ ಚಮಚವಾಗಿ ಕುಡಿಸುವುದು. ನುಂಗಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಈ ಹಂತದ ಸಾಮಾನ್ಯ ಅಂತ್ಯ. ಮೂಗಿನ ನಳಿಕೆಯ ಆಹಾರ ಆಯುಸ್ಸು ಹೆಚ್ಚಿಸುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ, ಆದ್ದರಿಂದ ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಬೇಡವೆನ್ನುತ್ತದೆ. ನಳಿಕೆ ಹಾಕಬೇಕೇ, ಐಸಿಯುಗೆ ಒಯ್ಯಬೇಕೇ ಎಂಬುದನ್ನು ಸೇರಿಸುವ ದಿನವೇ ಮನೆಯವರೊಂದಿಗೆ ಕೂತು ಬರೆದಿಟ್ಟುಕೊಳ್ಳುವ ಕೇಂದ್ರಗಳಿವೆ. ರಾತ್ರಿ ಎರಡಕ್ಕೆ ಫೋನ್ ಬಂದಾಗ ಅಮೆರಿಕದ ಮಗ ಮತ್ತು ಮೈಸೂರಿನ ಮಗಳು ಆಂಬುಲೆನ್ಸ್ ಕರೆಸಬೇಕೋ ಬೇಡವೋ ಎಂದು ಆ ಗಳಿಗೆಯಲ್ಲಿ ವಾದಿಸುತ್ತಾ ಕೂರಬೇಕಾಗುವುದಿಲ್ಲ.