ಮನೆಯೊಳಗಿನ ಅಲೆಗಳು

ಬಾವಿಯಲ್ಲಿ ನೀರು ಸಮೃದ್ಧವಾಗಿದ್ದ ಮಾತ್ರಕ್ಕೆ ಬಚ್ಚಲುಮನೆಯ ಹಂಡೆ ತಾನಾಗಿ ತುಂಬುವುದಿಲ್ಲ. ನೀರನ್ನು ಸೇದಬೇಕು, ಹೊತ್ತು ತರಬೇಕು. ದಾರಿಯಲ್ಲಿ ಕೊಡ ಸೋರದಂತೆ ನೋಡಿಕೊಳ್ಳಬೇಕು. ಇಂದು ಅನೇಕ ಮನೆಗಳಿಗೆ ಬಂದಿರುವ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೂ ಈ ಮಾತು ಅನ್ವಯಿಸುತ್ತದೆ. ಹೊರಗಿನಿಂದ ಮನೆಯ ಬಾಗಿಲಿನವರೆಗೆ ಮಾಹಿತಿಯನ್ನು ತರುವ ವ್ಯವಸ್ಥೆ ಒಂದು. ಅದನ್ನು ಮನೆಯ ಮೂಲೆಮೂಲೆಗೂ ಹಂಚುವ ವ್ಯವಸ್ಥೆ ಮತ್ತೊಂದು. ಮೊದಲನೆಯದು ತಂತಿಯ ಕೆಲಸ, ಎರಡನೆಯದು ಅಲೆಗಳ ಕೆಲಸ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ವೃಥಾ ಚಿಂತೆಯೂ ವೃಥಾ ವೆಚ್ಚವೂ ಉಂಟಾಗುತ್ತವೆ.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ಹಳೆಯ ಮನೆಯಿದೆ. ಅದರ ಗೋಡೆಗಳು ಮುರಕಲ್ಲಿನವು. ಒಂದೊಂದೂ ಒಂದೂವರೆ ಅಡಿ ದಪ್ಪ. ಬಹುಕಾಲ ಆ ಮನೆಗೆ ದೂರವಾಣಿಯ ತಾಮ್ರದ ತಂತಿಯ ಮೂಲಕವೇ ಇಂಟರ್‌ನೆಟ್ ಬರುತ್ತಿತ್ತು. ದೂರವಾಣಿ ನಡುಮನೆಯಲ್ಲಿದ್ದುದರಿಂದ ವೈಫೈ ಪೆಟ್ಟಿಗೆಯೂ, ಎಂದರೆ ರೂಟರ್ ಕೂಡ, ಅಲ್ಲಿಯೇ ಇತ್ತು. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿ ಪ್ರತಿ ಭಾನುವಾರ ದೂರದೇಶದಲ್ಲಿರುವ ಮಗನ ಮುಖವನ್ನು ಮೊಬೈಲಿನಲ್ಲಿ ನೋಡುತ್ತ ಮಾತನಾಡುತ್ತಿದ್ದರು. ವಾರವಿಡೀ ಅವರು ಎದುರುನೋಡುತ್ತಿದ್ದುದು ಆ ಅರ್ಧ ಗಂಟೆಯನ್ನು.

ಹೆಚ್ಚಿನ ವೇಗ ಬೇಕೆಂದು ಮನೆಯವರು ಬೇರೊಂದು ಸಂಸ್ಥೆಯ ಸಂಪರ್ಕವನ್ನು ಪಡೆದರು. ಈ ಬಾರಿ ಬಂದುದು ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಚಾವಡಿಯಲ್ಲಿ ಕುಳಿತವರಿಗೆ ಎಲ್ಲವೂ ಮಿಂಚಿನಂತೆ ಸಾಗಿತು. ಆದರೆ ಭಾನುವಾರ ಬಂದಾಗ ಒಳಕೋಣೆಯಲ್ಲಿ ಮಗನ ಮುಖ ಪರದೆಯ ಮೇಲೆ ಕಲ್ಲಾಗಿ ನಿಂತುಬಿಟ್ಟಿತು. ಮಾತು ತುಂಡುತುಂಡಾಗಿ ಕೇಳಿಸಿತು. ಎದ್ದು ಹೊರಬರುವ ಶಕ್ತಿ ಅಜ್ಜಿಗಿರಲಿಲ್ಲ. “ಹೊಸ ಸಂಸ್ಥೆ ನಮಗೆ ಮೋಸಮಾಡಿತು” ಎಂದು ಮನೆಯವರು ತೀರ್ಮಾನಿಸಿದರು. ಇನ್ನೂ ಹೆಚ್ಚು ಹಣ ತೆತ್ತು ಇಮ್ಮಡಿ ವೇಗದ ಯೋಜನೆಯನ್ನು ಕೊಳ್ಳಬೇಕೆಂಬ ಯೋಚನೆಯೂ ನಡೆಯಿತು. ಈ ತೀರ್ಮಾನ ಸರಿಯೆ? ಇದನ್ನು ತಿಳಿಯಲು ವೈಫೈ ಎಂದರೇನೆಂಬುದನ್ನು ಮೊದಲು ಅರಿಯಬೇಕು.

ಬೆಳಕು ಒಂದು ವಿದ್ಯುತ್ಕಾಂತೀಯ ಅಲೆ ಎಂದು 1865ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಪ್ರತಿಪಾದಿಸಿದನು. ಕಣ್ಣಿಗೆ ಕಾಣದ ರೇಡಿಯೋ ಅಲೆಗಳೂ ಇದೇ ಜಾತಿಗೆ ಸೇರಿದವು ಎಂಬುದನ್ನು ಹೈನ್ರಿಕ್ ಹರ್ಟ್ಸ್ 1887–88ರ ಪ್ರಯೋಗಗಳಲ್ಲಿ ತೋರಿಸಿಕೊಟ್ಟನು. 1895ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ಜಗದೀಶಚಂದ್ರ ಬೋಸರು ಇಂಥ ಅಲೆಗಳನ್ನು ಗೋಡೆಗಳಾಚೆಗೆ ಕಳುಹಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ನೆರೆದವರನ್ನು ಬೆರಗುಗೊಳಿಸಿದರು. ಗೋಡೆಯನ್ನು ದಾಟಿ ಹೋಗುವ ಆ ಅಲೆಗಳ ಬಳಗಕ್ಕೆ ಸೇರಿದವುಗಳೇ ಇಂದಿನ ವೈಫೈ ಅಲೆಗಳು. ಇದರ ಮೊದಲ ತಾಂತ್ರಿಕ ನಿಯಮಾವಳಿ 1997ರಲ್ಲಿ ಪ್ರಕಟವಾಯಿತು. ವೈಫೈ ಎಂಬ ಹೆಸರು 1999ರಲ್ಲಿ ಬಳಕೆಗೆ ಬಂದಿತು.

ಅಲೆ ಗೋಡೆಯನ್ನು ದಾಟುತ್ತದೆ ಎಂಬುದು ನಿಜ. ಆದರೆ ಸುಂಕ ಕೊಡದೆ ದಾಟುವುದಿಲ್ಲ. ಮನೆಯ ರೂಟರ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಬಯಲಿನಲ್ಲಿಯೂ ದೂರ ಎರಡರಷ್ಟಾದರೆ ಅಲೆಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೂರ ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗಳು ಈ ಅಳಿದುಳಿದ ಶಕ್ತಿಯಲ್ಲಿಯೂ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಮರದ ಹಲಗೆ ಸ್ವಲ್ಪವನ್ನು ಹೀರಿದರೆ, ಇಟ್ಟಿಗೆ ಅದಕ್ಕಿಂತ ಹೆಚ್ಚನ್ನೂ, ದಪ್ಪನಾದ ಕಲ್ಲು ಮತ್ತು ಕಾಂಕ್ರೀಟು ಇನ್ನೂ ಹೆಚ್ಚನ್ನೂ ಹೀರುತ್ತವೆ. ಲೋಹವಂತೂ ಅಲೆಯನ್ನು ಕನ್ನಡಿ ಬೆಳಕನ್ನು ಹಿಂದಿರುಗಿಸುವಂತೆ ಹಿಂದಿರುಗಿಸಿಬಿಡುತ್ತದೆ. ಆದುದರಿಂದ ಉಕ್ಕಿನ ಬೀರು, ಶೀತಕಪೆಟ್ಟಿಗೆ, ದೊಡ್ಡ ನಿಲುವುಗನ್ನಡಿಗಳ ಹಿಂದೆ ಅಲೆಗಳ ನೆರಳು ಬೀಳುತ್ತದೆ. ನೀರೂ ಈ ಅಲೆಗಳನ್ನು ಹೀರುವ ವಸ್ತುವೇ.

ಮನೆಯ ವೈಫೈ ಮುಖ್ಯವಾಗಿ ಎರಡು ಬಗೆಯ ಅಲೆಗಳನ್ನು ಬಳಸುತ್ತದೆ. 2.4 ಗಿಗಾಹರ್ಟ್ಸ್ ಆವೃತ್ತಿಯದು ಒಂದು. ಇದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. 5 ಗಿಗಾಹರ್ಟ್ಸ್ ಆಸುಪಾಸಿನದು ಇನ್ನೊಂದು. ಇದರ ಉದ್ದ 5ರಿಂದ 6 ಸೆಂಟಿಮೀಟರು. ಮೊದಲನೆಯದು ನಿಧಾನಿ, ಆದರೆ ಗೋಡೆಗಳನ್ನು ದಾಟುವುದರಲ್ಲಿ ಗಟ್ಟಿಗ. ಎರಡನೆಯದು ಬಹಳ ವೇಗಶಾಲಿ, ಆದರೆ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ. ಒಂದೇ ಕೋಣೆಯಲ್ಲಿ ಕುಳಿತವರಿಗೆ ಎರಡನೆಯದು ಮೇಲು; ಎರಡು ಗೋಡೆಗಳಾಚೆ ಇರುವವರಿಗೆ ಮೊದಲನೆಯದೇ ಗತಿ. ಪಟ್ಟಣಗಳಲ್ಲಿ 2.4 ಗಿಗಾಹರ್ಟ್ಸ್ ಅಲೆಗಳಿಗೆ ನೆರೆಮನೆಗಳ ರೂಟರ್‌ಗಳಿಂದ ಅಡಚಣೆಯಾಗುವುದುಂಟು. ಮೈಕ್ರೋವೇವ್ ಒಲೆಯೂ ಹೆಚ್ಚು ಕಡಮೆ ಇದೇ ಆವೃತ್ತಿಯಲ್ಲಿ ಕೆಲಸಮಾಡುವುದರಿಂದ ಅದೂ ತೊಂದರೆ ಕೊಡಬಲ್ಲದು.

ಇಲ್ಲಿ ಮತ್ತೊಂದು ಅಂಶವನ್ನು ಮರೆಯಬಾರದು. ವೈಫೈ ಆಕಾಶವಾಣಿಯಂತೆ ಏಕಮುಖ ಪ್ರಸಾರವಲ್ಲ, ಅದು ಸಂಭಾಷಣೆ. ರೂಟರ್ ಆಡಿದ್ದು ಮೊಬೈಲಿಗೆ ಕೇಳಿಸಿದರೆ ಸಾಲದು. ಮೊಬೈಲು ಆಡಿದ್ದೂ ರೂಟರ್‌ಗೆ ಕೇಳಿಸಬೇಕು. ಮೊಬೈಲಿನ ಧ್ವನಿ ಸಾಮಾನ್ಯವಾಗಿ ಇನ್ನೂ ಕ್ಷೀಣ. ಸರಿಯಾಗಿ ಕೇಳಿಸದ ಮಾತನ್ನು ಎರಡೂ ಮತ್ತೆ ಮತ್ತೆ ಹೇಳುತ್ತವೆ. ಹೀಗೆ ಸಂಪರ್ಕ ಇದ್ದಂತೆ ತೋರಿದರೂ ಕೆಲಸ ಮುಂದೆ ಸಾಗುವುದಿಲ್ಲ.

ಹಾಗಾದರೆ ಸಂಸ್ಥೆ ಬದಲಾದೊಡನೆ ಅಲೆಗಳ ಹರವು ಏಕೆ ಕುಗ್ಗಿತು? ಮುಖ್ಯ ಕಾರಣ ಸ್ಥಳದ ಬದಲಾವಣೆ. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಂದೇಶವನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ತೋರಿಸಿದನು. ಅದಕ್ಕಾಗಿ 2009ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ಎಳೆಯನ್ನು ಚೂಪಾಗಿ ಬಾಗಿಸಿದರೆ ಬೆಳಕು ಸೋರಿಹೋಗುತ್ತದೆ. ಆದುದರಿಂದ ಕೆಲಸಗಾರರು ಅದನ್ನು ಕಂಬದಿಂದ ತಂದು, ಕಿಟಕಿಯ ಬಳಿ ಒಳಕ್ಕೆ ತೂರಿಸಿ, ಹತ್ತಿರದ ಗೋಡೆಗೇ ಪೆಟ್ಟಿಗೆಯನ್ನು ಜೋಡಿಸುವುದು ವಾಡಿಕೆ. ನಡುಮನೆಯಲ್ಲಿದ್ದ ದೀಪವನ್ನು ಚಾವಡಿಯ ಮೂಲೆಗೆ ಸಾಗಿಸಿದಂತಾಯಿತು. ಅದರ ಅರ್ಧ ಬೆಳಕು ಅಂಗಳದ ಪಾಲು! ಎರಡನೆಯದಾಗಿ, ಹೊಸ ರೂಟರ್‌ಗೆ ಹೊಸ ಹೆಸರೂ ಹೊಸ ಪಾಸ್‌ವರ್ಡೂ ಇರುತ್ತವೆ. ಹಳೆಯ ಹೆಸರನ್ನು ನೆನಪಿಟ್ಟುಕೊಂಡ ಉಪಕರಣಗಳು ಹೊಸದನ್ನು ತಾವಾಗಿ ಸೇರಿಕೊಳ್ಳುವುದಿಲ್ಲ. ಮೂರನೆಯದಾಗಿ, ಕೆಲವು ಉಪಕರಣಗಳು 5 ಗಿಗಾಹರ್ಟ್ಸ್ ಅಲೆಗೇ ಅಂಟಿಕೊಂಡು ದೂರದ ಕೋಣೆಯಲ್ಲಿಯೂ ಅದನ್ನು ಬಿಡಲೊಲ್ಲವು.

ಆ ಮನೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳೊಬ್ಬಳಿದ್ದಳು. ದೂರುವುದಕ್ಕೆ ಮೊದಲು ಅಳೆಯಬೇಕು ಎಂಬ ಪಾಠವನ್ನು ಅವಳು ವಿಜ್ಞಾನದ ತರಗತಿಯಲ್ಲಿ ಕಲಿತಿದ್ದಳು. ಮೊದಲು ಕಂಪ್ಯೂಟರನ್ನು ಕೇಬಲ್ಲಿನಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗವನ್ನು ಅಳೆದಳು. ಸಂಸ್ಥೆ ಮಾತುಕೊಟ್ಟಂತೆ ಸೆಕೆಂಡಿಗೆ 100 ಮೆಗಾಬಿಟ್ಟಿನ ಸಮೀಪ ಬಂದಿತು. ಹೊರಗಿನ ದಾರಿ ನಿರ್ದೋಷಿ ಎಂಬುದು ಇದರಿಂದ ಸಿದ್ಧವಾಯಿತು. ಅನಂತರ ಕಾಗದದ ಮೇಲೆ ಮನೆಯ ನಕ್ಷೆಯನ್ನು ಬರೆದು, ಮೊಬೈಲನ್ನು ಹಿಡಿದು ಕೋಣೆಯಿಂದ ಕೋಣೆಗೆ ನಡೆದು, ಪ್ರತಿಯೊಂದು ಕಡೆ ದೊರೆತ ವೇಗವನ್ನು ಗುರುತಿಸಿದಳು. ನಡುಮನೆಯಲ್ಲಿ ವೇಗ ಅರ್ಧಕ್ಕಿಂತ ಕೆಳಗಿಳಿದಿತ್ತು; ಅಜ್ಜಿಯ ಕೋಣೆಯಲ್ಲಿ 2 ಮೆಗಾಬಿಟ್ಟನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಅಳೆದರೂ ರಾತ್ರಿ ಅಳೆದರೂ ಫಲ ಒಂದೇ. ನಕ್ಷೆಯಲ್ಲಿ ಪೆಟ್ಟಿಗೆಯಿಂದ ಅಜ್ಜಿಯ ಮಂಚಕ್ಕೆ ಒಂದು ಗೆರೆ ಎಳೆದಾಗ, ಅದು ಎರಡು ಮುರಕಲ್ಲಿನ ಗೋಡೆಗಳನ್ನೂ ಒಂದು ಉಕ್ಕಿನ ಬೀರುವನ್ನೂ ಹಾದುಹೋಯಿತು. ರೋಗದ ಮೂಲ ಕಣ್ಣಿಗೆ ಬಿದ್ದಿತು.

ರೋಗ ತಿಳಿದ ಮೇಲೆ ಔಷಧ ಕಷ್ಟವಲ್ಲ. ಇಂಥ ಸಂದರ್ಭದಲ್ಲಿ ಪೆಟ್ಟಿಗೆಯನ್ನು ಮನೆಯ ನಡುವೆ, ನೆಲದಿಂದ ಎತ್ತರದಲ್ಲಿ, ಲೋಹದ ವಸ್ತುಗಳಿಂದ ದೂರ ಇಡುವುದು ಮೊದಲ ಉಪಾಯ. ಇದಕ್ಕೆ ಖರ್ಚು ಅತ್ಯಲ್ಪ. ದೂರದ ಕೋಣೆಗಳಲ್ಲಿ 2.4 ಗಿಗಾಹರ್ಟ್ಸ್ ಅಲೆಯನ್ನು ಆರಿಸಿಕೊಳ್ಳುವುದು ಎರಡನೆಯದು. ಇವು ಸಾಲದೆ ಹೋದರೆ ಕೇಬಲ್ಲನ್ನು ಒಳಗೆ ಎಳೆದು ಅದರ ಕೊನೆಯಲ್ಲಿ ಇನ್ನೊಂದು ವೈಫೈ ಪೆಟ್ಟಿಗೆಯನ್ನು ಇಡಬಹುದು. ಸಾಮಾನ್ಯ ನೆಟ್‌ವರ್ಕ್ ಕೇಬಲ್ಲು 100 ಮೀಟರಿನವರೆಗೆ ನಂಬಿಕೆಯಿಂದ ಕೆಲಸಮಾಡುತ್ತದೆ. ಕೇಬಲ್ಲಿಲ್ಲದೆ ಅಲೆಯನ್ನೇ ಹಿಡಿದು ಮುಂದಕ್ಕೆ ದಾಟಿಸುವ ಉಪಕರಣಗಳೂ ಉಂಟು. ಆದರೆ ಅವುಗಳನ್ನು ಅಲೆ ಇನ್ನೂ ಬಲವಾಗಿರುವ ಸ್ಥಳದಲ್ಲಿ ಇಡಬೇಕು. ಕೇಳಿಸದ ಮಾತನ್ನು ಯಾರೂ ಇನ್ನೊಬ್ಬರಿಗೆ ಹೇಳಲಾರರಷ್ಟೆ.

ಆ ಮನೆಯವರು ಸಂಸ್ಥೆಯ ಕೆಲಸಗಾರನನ್ನು ಕರೆಸಿ ನಕ್ಷೆಯನ್ನು ತೋರಿಸಿದರು. ಅವನು ಚಾವಡಿಯಿಂದ ಒಳಕೋಣೆಯ ಬಾಗಿಲಿನವರೆಗೆ ತೊಲೆಯ ಮಗ್ಗುಲಲ್ಲಿ ಒಂದು ಕೇಬಲ್ಲನ್ನು ಎಳೆದನು. ಅಟ್ಟದಲ್ಲಿ ಬಿದ್ದಿದ್ದ ಅವರದೇ ಹಳೆಯ ರೂಟರನ್ನು ತಕ್ಕಂತೆ ಬದಲಾಯಿಸಿ ಅದರ ಕೊನೆಗೆ ಜೋಡಿಸಿದನು. ದುಬಾರಿ ಯೋಜನೆಯ ಅಗತ್ಯವೇ ಬೀಳಲಿಲ್ಲ. ಮುಂದಿನ ಭಾನುವಾರ ಅಜ್ಜಿ ಮಲಗಿದ್ದಲ್ಲಿಂದಲೇ ಮಗನನ್ನು ನೋಡಿ, “ಯಾಕೆ ಮಗಾ, ಇಷ್ಟು ಬಡವಾಗಿದ್ದಿ?” ಎಂದು ಕೇಳಿದರು.

ಯಂತ್ರಗಳು ನಮ್ಮ ಮನೆಗಳನ್ನು ಹೊಕ್ಕಿವೆ. ಅವು ಕೆಟ್ಟಾಗ ಯಾರನ್ನಾದರೂ ದೂರುವುದು ಸುಲಭ. ಆದರೆ ದೋಷ ಹೊರಗಿದೆಯೋ ಒಳಗಿದೆಯೋ ಎಂದು ಬಿಡಿಸಿ ನೋಡುವುದು, ಒಂದೊಂದನ್ನೇ ಪರೀಕ್ಷಿಸುವುದು, ಕಂಡುದನ್ನು ಬರೆದಿಡುವುದು—ಇದೇ ವಿಜ್ಞಾನದ ದಾರಿ. ಈ ದಾರಿಯಲ್ಲಿ ನಡೆಯಲು ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಹಾಳೆ ಕಾಗದ, ಒಂದು ಪೆನ್ಸಿಲು ಮತ್ತು ತುಸು ತಾಳ್ಮೆ ಇದ್ದರೆ ಸಾಕು.